ಅವಳು ಹೋಗಬೇಕಿದ್ದ ಫ್ಲೈಟಿಗೆ ನಾನು ಹೋದೆ

ಗ್ಯಾಲಿ ಗೌರಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ದಿನಾ ಅಡಿಕೆ ರೇಟು, ಭದ್ರಾ ನೀರು, ಯಾವ ಹೋಟೆಲಿನ ಬೆಣ್ಣೆದೋಸೆ ಚೆನ್ನ ಅಂತ ಜಗಳ ನಡೆಯುತ್ತದೆ. ಅದರ ನಡುವೆ ನನ್ನದೊಂದು. ಉದ್ದ ಇದೆ, ಪುರುಸೊತ್ತಿದ್ದರೆ ಓದಿ.

ಊರು ದಾವಣಗೆರೆ. ಏಳು ವರ್ಷದಿಂದ ಕ್ಯಾಬಿನ್ ಕ್ರೂ. ಈಗ ರಜೆ ಹಾಕಿ ವಿದ್ಯಾನಗರದ ಮನೆಯಲ್ಲಿದ್ದೇನೆ. ಅಮ್ಮನಿಗೆ ಸೊಂಟ ನೋವು ಅಂತ ಹೇಳಿದ್ದೇನೆ. ಸೊಂಟ ಚೆನ್ನಾಗಿಯೇ ಇದೆ.

2025ರ ಜೂನ್ 12ಕ್ಕೆ ಅಹಮದಾಬಾದಿನಲ್ಲಿ ಏರ್ ಇಂಡಿಯಾದ ಎಐ 171 ವಿಮಾನ ಬಿತ್ತಲ್ಲ. ಅದರಲ್ಲಿದ್ದ 242 ಜನರಲ್ಲಿ ಹನ್ನೆರಡು ಮಂದಿ ನಮ್ಮ ಕೆಲಸದವರು. ಇಬ್ಬರು ಪೈಲಟ್, ಹತ್ತು ಕ್ಯಾಬಿನ್ ಕ್ರೂ. ನನ್ನದು ಬೇರೆ ಕಂಪನಿ. ಅವರಲ್ಲಿ ಒಬ್ಬರ ಮುಖಪರಿಚಯವೂ ನನಗಿಲ್ಲ. ಆದರೂ ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ಟೇಕಾಫ್ ಆಗುವಾಗ ನಾವು ಜಂಪ್ ಸೀಟಿನಲ್ಲಿ, ಅಂದರೆ ಕ್ರೂಗೆ ಅಂತ ಇರುವ ಮಡಚುವ ಸೀಟಿನಲ್ಲಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸುಮ್ನೆ ಕೂತಿರುವ ಹಾಗೆ ಕಾಣುತ್ತದೆ. ಸುಮ್ನೆ ಅಲ್ಲ. ಅದಕ್ಕೆ ಸೈಲೆಂಟ್ ರಿವ್ಯೂ ಅನ್ನುತ್ತಾರೆ. ಏನಾದರೂ ಆದರೆ ಮೊದಲು ಏನು ಕೂಗಬೇಕು, ಯಾವ ಬಾಗಿಲು, ಹೊರಗೆ ಬೆಂಕಿ ಇದೆಯಾ ನೋಡಬೇಕು, ನನ್ನ ಹತ್ತಿರ ಕೂತವರಲ್ಲಿ ಯಾರಿಗೆ ಸಹಾಯ ಬೇಕು... ಇಷ್ಟನ್ನು ಮನಸ್ಸಿನಲ್ಲೇ ಓಡಿಸುತ್ತೇವೆ. ದಿನಕ್ಕೆ ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಹಾರಾಟ ಇದ್ದರೆ, ಏರುವಾಗ ಇಳಿಯುವಾಗ ಸೇರಿ ಎಂಟು ಸಲ. ಆ ವಿಮಾನ ನೆಲ ಬಿಟ್ಟ ಮೇಲೆ ಹಾರಿದ್ದು ಸುಮಾರು 32 ಸೆಕೆಂಡ್. ಅಷ್ಟರಲ್ಲಿ ಅವರ ರಿವ್ಯೂ ಮುಗಿದಿತ್ತಾ ಇಲ್ವಾ? ಪ್ರತಿ ಟೇಕಾಫಿನಲ್ಲೂ ನನ್ನ ತಲೆಯಲ್ಲಿ ಇದೊಂದೇ. ನನ್ನ ರಿವ್ಯೂ ಅರ್ಧಕ್ಕೆ ನಿಲ್ಲುತ್ತಿದೆ.

ಇದು ಮೇಲಿನ ಕಥೆ. ಕೆಳಗೆ ಇನ್ನೊಂದಿದೆ, ಅದನ್ನು ಇದುವರೆಗೆ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ಎರಡು ವರ್ಷದ ಹಿಂದೆ ನನ್ನ ಬ್ಯಾಚ್‌ಮೇಟ್ ತೀರಿಕೊಂಡಳು. ಹೊಳಲ್ಕೆರೆ ಆಚೆಯ ಹಳ್ಳಿಯವಳು. ಇಡೀ ಬ್ಯಾಚಿನಲ್ಲಿ ಈ ಕಡೆಯವರು ನಾವಿಬ್ಬರೇ. ಟ್ರೇನಿಂಗಿನಲ್ಲಿ ಇಂಗ್ಲಿಷ್ ಅನೌನ್ಸ್‌ಮೆಂಟ್ ಬಾಯಿಪಾಠ ಮಾಡಿ ಮಾಡಿ ಸಾಕಾದಾಗ ರಾತ್ರಿ ಮಂಡಕ್ಕಿ ಒಗ್ಗರಣೆ ಹಾಕಿಕೊಂಡು ತಿಂದವರು. ಸತ್ತಿದ್ದು ವಿಮಾನದಲ್ಲಲ್ಲ. ಬೆಂಗಳೂರಿನಲ್ಲಿ ಬೆಳಗಿನ ಜಾವ ಮೂರಕ್ಕೆ ಪಿಕಪ್ ಕ್ಯಾಬ್ ಏರ್‌ಪೋರ್ಟಿಗೆ ಹೋಗುವಾಗ ನಿಂತ ಲಾರಿಗೆ ಗುದ್ದಿತು.

ಅವತ್ತು ನಾನು ಏರ್‌ಪೋರ್ಟ್ ಸ್ಟ್ಯಾಂಡ್‌ಬೈ. ಯಾರಾದರೂ ಬರದಿದ್ದರೆ ಅವರ ಬದಲು ಹೋಗಲು ಏರ್‌ಪೋರ್ಟಿನಲ್ಲೇ ತಯಾರಾಗಿ ಕೂತಿರುವುದು. "ಒಬ್ಬರು ರಿಪೋರ್ಟ್ ಆಗಿಲ್ಲ, ಪಾಟ್ನಾ ಹೋಗಿ ಬನ್ನಿ" ಅಂದರು. ಯಾರು ಅಂತ ಕೇಳಿದೆ. ಅವಳ ಹೆಸರು ಹೇಳಿದರು. ಮಲಗಿಬಿಟ್ಟಿದ್ದಾಳೆ ಅಂದುಕೊಂಡೆ. ಬಾಗಿಲು ಹಾಕುವ ಮೊದಲು ವಿಮಾನದ ಹಿಂದಿನ ಗ್ಯಾಲಿಯಲ್ಲಿ, ಅಂದರೆ ನಮ್ಮ ಅಡುಗೆ ಮೂಲೆಯಲ್ಲಿ ನಿಂತು ಮೆಸೇಜ್ ಮಾಡಿದೆ: "ಎಲ್ಲಿ ಸತ್ತಿದ್ದೀಯೇ? ನಿನ್ನ ಫ್ಲೈಟ್ ನನ್ನ ತಲೆಗೆ ಬಂತು. ಒಂದು ಊಟ ಬಾಕಿ."

ನಮ್ಮ ಕಡೆ ಹಾಗೇ ಅಲ್ವಾ ಮಾತಾಡೋದು. ತಡ ಆದರೆ ಎಲ್ಲಿ ಸತ್ತಿದ್ದೆ ಅಂತಲೇ ಕೇಳುವುದು.

ಪಾಟ್ನಾದಲ್ಲಿ ನಮ್ಮ ಲೀಡ್‌ಗೆ, ಅಂದರೆ ಆ ಫ್ಲೈಟಿನ ಕ್ಯಾಬಿನ್ ಕ್ರೂ ಮುಖ್ಯಸ್ಥರಿಗೆ, ವಿಷಯ ಗೊತ್ತಾಗಿತ್ತು. ನಾನು ಕೇಳಿದಾಗ "ಅವಳಿಗೆ ಹುಷಾರಿಲ್ಲವಂತೆ" ಅಂದರು. ವಾಪಸ್ ಬಂದು ಇಳಿದ ಮೇಲೆ ಏರೋಬ್ರಿಡ್ಜ್ ಪಕ್ಕ ನಿಲ್ಲಿಸಿ ಹೇಳಿದರು. ಐದು ನಿಮಿಷ ಇರಬಹುದು. ಮಾರನೇ ದಿನ ನನ್ನ ರೋಸ್ಟರಿನಲ್ಲಿ ಮಧ್ಯಾಹ್ನದ ಫ್ಲೈಟ್ ಇತ್ತು, ಅವಳ ಮಣ್ಣೂ ಅದೇ ಮಧ್ಯಾಹ್ನ. ರಜೆ ಕೇಳಿದೆ. ಜನ ಇಲ್ಲ ಅಂದರು. ನಾನೂ ಹಟ ಹಿಡಿಯಲಿಲ್ಲ. ಲಿಪ್‌ಸ್ಟಿಕ್ ಹಚ್ಚಿಕೊಂಡು ಹೋದೆ. ಆಮೇಲೆ ಚೆನ್ನಾಗಿಯೇ ಇದ್ದೆ ಕಣ್ರೀ, ಎರಡು ವರ್ಷ! ಅಹಮದಾಬಾದ್ ಆದ ಮೇಲೆ ಎಲ್ಲ ಒಟ್ಟಿಗೆ ಎದ್ದು ಬಂತು.

ಇದರಿಂದ ಹೇಗೆ ಹೊರಗೆ ಬರುವುದು? ಕೆಲಸ ಬಿಡು ಅನ್ನುವುದೊಂದು ಬಿಟ್ಟು ಬೇರೆ ಏನಾದರೂ ಹೇಳಿ.

ನಿಟುವಳ್ಳಿ ನೀಲಕ್ಕ

ತಂಗಿ, ನೀನು ಬೇಡ ಅಂದರೂ ಅದನ್ನೇ ಹೇಳುತ್ತೇನೆ. ಬಿಟ್ಟು ಬಾ. ಊರಲ್ಲಿ ಕೆಲಸಕ್ಕೆ ಬರವೇ? ಜೀವಕ್ಕಿಂತ ಸಂಬಳ ದೊಡ್ಡದಾ?

ಗ್ಯಾಲಿ ಗೌರಮ್ಮ

ಅಕ್ಕಾ, ಅವಳು ಸತ್ತಿದ್ದು ರೋಡಿನಲ್ಲಿ. ರೋಡು ಊರಲ್ಲೂ ಇದೆಯಲ್ಲ.

ನಿಟುವಳ್ಳಿ ನೀಲಕ್ಕ

ಅದೂ ಸರಿ ಬಿಡು. ಊಟ ಮಾಡ್ತಿದ್ದೀಯಾ?

ಹೈವೇ ಹುಲಿ

ಬೇಜಾರಾಗಬೇಡಿ ಮೇಡಂ, ನೇರವಾಗಿ ಕೇಳುತ್ತೇನೆ. ಆ ಅಪಘಾತ ಆಗಿ ನಾಲ್ಕು ದಿನಕ್ಕೆ ಏರ್ ಇಂಡಿಯಾದಲ್ಲಿ ಒಂದೇ ದಿನ 112 ಪೈಲಟ್‌ಗಳು ಹುಷಾರಿಲ್ಲ ಅಂತ ರಜೆ ಹಾಕಿದರಂತೆ. ಲೋಕಸಭೆಯಲ್ಲೇ ಉತ್ತರ ಕೊಟ್ಟಿದ್ದಾರೆ. ಓಡಿಸುವವರೇ ಹೆದರಿದರೆ ನಮ್ಮಂಥವರು ಯಾವ ಧೈರ್ಯದ ಮೇಲೆ ಹತ್ತಬೇಕು?

ಗ್ಯಾಲಿ ಗೌರಮ್ಮ

ಹೌದು, ಜೂನ್ 16ಕ್ಕೆ. 51 ಕ್ಯಾಪ್ಟನ್, 61 ಫಸ್ಟ್ ಆಫೀಸರ್ ಅಂದರೆ ಸಹಪೈಲಟ್. ರಜೆಯಲ್ಲಿ ಸ್ವಲ್ಪ ಏರಿಕೆ ಅಷ್ಟೇ ಅಂತಲೂ ಸಚಿವರು ಹೇಳಿದರು. ಆದರೆ ಅಣ್ಣಾ, ರಜೆ ಹಾಕಿದವರ ಬಗ್ಗೆ ನಿಮಗೆ ಭಯ. ನನಗೆ ರಜೆ ಹಾಕದೆ ಬಂದವರ ಬಗ್ಗೆ ಭಯ. ನಾನೂ ಅವರಲ್ಲಿ ಒಬ್ಬಳು.

ಡ್ಯೂಟಿಗೆ ಬರುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪಟ್ಟಿ ಒಂದಿದೆ, ಐ ಆಮ್ ಸೇಫ್ ಅಂತ. ಕಾಯಿಲೆ, ಮಾತ್ರೆ, ಒತ್ತಡ, ಕುಡಿತ, ದಣಿವು, ಹೀಗೆ ಒಂದೊಂದು ಅಕ್ಷರಕ್ಕೆ ಒಂದೊಂದು. ಕೊನೆಯ ಇ ಅಂದರೆ ಎಮೋಷನ್. ಕೆಲವು ಪುಸ್ತಕದಲ್ಲಿ ಈಟಿಂಗ್ ಅಂತಿದೆ. ನಮ್ಮವರು ಎಲ್ಲರೂ ಈಟಿಂಗ್ ಅಂತಲೇ ಓದಿಕೊಳ್ಳುತ್ತಾರೆ. ಉತ್ತರ ಕೊಡೋದು ಸುಲಭ. ಕುಡಿತಕ್ಕಾದರೆ ಊದಿಸಿ ನೋಡುವ ಮಷೀನ್ ಇದೆ, ಹನ್ನೆರಡು ಗಂಟೆ ಮುಂಚೆಯಿಂದ ಮುಟ್ಟುವಂತಿಲ್ಲ ಅಂತ ನಿಯಮ ಇದೆ. ಮನಸ್ಸಿಗೆ ಊದುವುದು ಎಲ್ಲಿಗೆ?

ಹೈವೇ ಹುಲಿ

ಈ ಕಡೆಯಿಂದ ಯೋಚನೆ ಮಾಡಿರಲಿಲ್ಲ. ಸಾರಿ ಮೇಡಂ.

ಕೋಟೆ ಕ್ಯಾಪ್ಟನ್

ದುರ್ಗದವನು ನಾನು. ರಿಟೈರ್ಡ್ ಪೈಲಟ್. ಈಗ ಬೆಳಿಗ್ಗೆ ಚಂದ್ರವಳ್ಳಿ ಕಡೆ ವಾಕಿಂಗ್, ಸಂಜೆ ಮೊಮ್ಮಕ್ಕಳು. ಮಗಳೇ, ನಿನ್ನ ಲೀಡ್ ಬಗ್ಗೆ ಒಂದು ಮಾತು ಹೇಳುತ್ತೇನೆ. ನಿನಗೆ ಇಷ್ಟ ಆಗದೆ ಹೋಗಬಹುದು.

ಪಾಟ್ನಾದಲ್ಲಿ ನಾನಾಗಿದ್ದರೂ ಹೇಳುತ್ತಿರಲಿಲ್ಲ. 50 ಸೀಟಿಗೆ ಒಬ್ಬರು ಕ್ಯಾಬಿನ್ ಕ್ರೂ ಇರಲೇಬೇಕು. ನಿಮ್ಮದು 180ರ ವಿಮಾನ ಇದ್ದೀತು, ನಾಲ್ಕೇ ಜನ. ನೀನೊಬ್ಬಳು ಇಳಿದರೆ ಅದು ಅಲ್ಲೇ ನಿಲ್ಲಬೇಕು. ಹೇಳಿ ನಿನ್ನನ್ನು ಕೂರಿಸಿದ್ದರೆ? ಬಾಗಿಲಿನ ಹತ್ತಿರ ಇರುವವಳಿಗೆ ಆ ಸುದ್ದಿ ಕೊಟ್ಟು, ಆಮೇಲೆ ಅವಳನ್ನೇ ನಂಬಿ ಟೇಕಾಫ್ ಮಾಡುವುದು ಇನ್ನೂ ದೊಡ್ಡ ತಪ್ಪು. ಆ ಸುಳ್ಳನ್ನು ಅವರೂ ಎರಡೂವರೆ ಗಂಟೆ ಹೊಟ್ಟೆಯಲ್ಲಿಟ್ಟುಕೊಂಡು ಟ್ರಾಲಿ ತಳ್ಳಿದ್ದಾರೆ, ಅದನ್ನೂ ನೋಡು.

ತಪ್ಪಾಗಿದ್ದು ಇಳಿದ ಮೇಲೆ. ಏರೋಬ್ರಿಡ್ಜ್ ಪಕ್ಕದಲ್ಲಿ ಹೇಳುವ ವಿಷಯವೇ ಅದು? ಒಂದು ರೂಮು, ಒಂದು ಲೋಟ ನೀರು, ಜೊತೆಗೆ ಮನೆವರೆಗೆ ಒಬ್ಬರು. ಮಾರನೇ ದಿನದ ರೋಸ್ಟರಿನಿಂದ ಹೆಸರು ತೆಗೆಯಬೇಕಿತ್ತು. ನೀನು ಕೇಳುವವರೆಗೆ ಕಾಯಬಾರದಿತ್ತು. ಆ ಹೊತ್ತಿನಲ್ಲಿ ಕೇಳುವ ಶಕ್ತಿ ಯಾರಿಗಿರುತ್ತದೆ?

ಜಗಳೂರು ಜಾಣೆ

ಸರ್, ಒಪ್ಪಲ್ಲ. ನಾನೂ ಕ್ರೂ ಆಗಿದ್ದವಳು, ಮಗು ಆದ ಮೇಲೆ ಬಿಟ್ಟೆ. ನಾವೇನು ಮಕ್ಕಳಾ? ನೂರೆಂಬತ್ತು ಜನರ ಜೀವ ನಂಬಿ ಕೊಡುತ್ತೀರಿ, ಒಂದು ಸುದ್ದಿ ನಂಬಿ ಕೊಡಲ್ವಾ? ಅವಳು ವಾಪಸ್ ಬರುವಾಗ ಆ ಸ್ನೇಹಿತೆಯನ್ನು ಮನಸ್ಸಿನಲ್ಲಿ ಬೈದುಕೊಂಡೇ ಟ್ರಾಲಿ ತಳ್ಳಿರುತ್ತಾಳೆ. ಅದು ಈಗ ಚುಚ್ಚುತ್ತಿಲ್ಲವಾ?

ಗ್ಯಾಲಿ ಗೌರಮ್ಮ

ಬೈದುಕೊಂಡಿದ್ದೆ. ಬಿರಿಯಾನಿ ಕೊಡಿಸಲೇಬೇಕು ಅಂತ ಲೆಕ್ಕ ಹಾಕುತ್ತಿದ್ದೆ.

ಕೋಟೆ ಕ್ಯಾಪ್ಟನ್

ಜಾಣೆ, ನಿನ್ನ ಮಾತಿನಲ್ಲಿ ತೂಕ ಇದೆ. ಆದರೂ ನಾನು ನನ್ನ ಮಾತು ಬದಲಿಸಲ್ಲ. ಇಬ್ಬರೂ ಸರಿ ಇರಬಹುದು.

ಇನ್ನೊಂದು. ನಮ್ಮ ಕೆಲಸದಲ್ಲಿ ಮನಸ್ಸು ಸರಿಯಿಲ್ಲ ಅಂತ ಬಾಯಿ ಬಿಟ್ಟರೆ ಮೆಡಿಕಲ್, ಅಂದರೆ ಹಾರಲು ಆರೋಗ್ಯ ಸರಿಯಿದೆ ಅನ್ನುವ ಸರ್ಟಿಫಿಕೇಟ್, ಹೋಯಿತು ಅಂತ ಹೆದರಿಕೆ. ಪೈಲಟ್‌ಗಳಿಗಂತೂ ಮೆಡಿಕಲ್ ಇಲ್ಲ ಅಂದರೆ ಅನ್ನ ಇಲ್ಲ. ಅದಕ್ಕೇ ಎಲ್ಲರೂ ಮುಚ್ಚಿಡುತ್ತಾರೆ. 2015ರ ಮಾರ್ಚಿನಲ್ಲಿ ಜರ್ಮನ್‌ವಿಂಗ್ಸ್ ವಿಮಾನವನ್ನು ಸಹಪೈಲಟ್ಟೇ ಆಲ್ಪ್ಸ್ ಬೆಟ್ಟಕ್ಕೆ ಗುದ್ದಿಸಿದ, 150 ಜನ ಸತ್ತರು. ಅವನು ತನ್ನ ಕಾಯಿಲೆಯನ್ನು ಕಂಪನಿಯಿಂದ ಮುಚ್ಚಿಟ್ಟಿದ್ದ. ಆಮೇಲೆ ಯೂರೋಪಿನವರು ಪೀರ್ ಸಪೋರ್ಟ್ ಅಂತ ತಂದು, 2021ರಿಂದ ಕಂಪನಿಗಳಿಗೆ ಕಡ್ಡಾಯ ಮಾಡಿದರು. ಅಂದರೆ ಪೈಲಟ್ಟಿನ ಕಷ್ಟ ಮೊದಲು ಕೇಳುವವನು ಇನ್ನೊಬ್ಬ ಪೈಲಟ್. ಅದಕ್ಕಾಗಿ ತರಬೇತಿ ಆದವನು. ಕೇಳಿದ್ದನ್ನು ಬಾಸ್‌ಗೆ ಒಯ್ದು ಕೊಡದವನು. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ 2023ರ ಫೆಬ್ರವರಿಯಲ್ಲಿ ಈ ಬಗ್ಗೆ ಸುತ್ತೋಲೆ ಹೊರಡಿಸಿತು. ಸುತ್ತೋಲೆ ಬಂದ ಮಾತ್ರಕ್ಕೆ ಬಾಯಿ ಬಿಡುವ ಅಭ್ಯಾಸ ಬರುತ್ತದಾ, ಅದು ಬೇರೆ ಪ್ರಶ್ನೆ. ನಮ್ಮ ಕಾಲದಲ್ಲಿ ಪೀರ್ ಸಪೋರ್ಟ್ ಅಂದರೆ ಪರಊರಿನಲ್ಲಿ ತಂಗುವ ಹೋಟೆಲಿನ ಬಾರು.

ನಿಮ್ಮ ಕಂಪನಿಯಲ್ಲಿ ಅಂಥವರು ಇದ್ದಾರಾ ವಿಚಾರಿಸು ಮಗಳೇ.

ಗ್ಯಾಲಿ ಗೌರಮ್ಮ

ಒಂದು ನಂಬರ್ ಮೇಲ್ ಮಾಡಿದ್ದರು ಸರ್. ಪ್ರೊಮೋಷನ್ ಮೇಲ್‌ಗಳ ನಡುವೆ ಎಲ್ಲೋ ಇದೆ. ಹುಡುಕುತ್ತೇನೆ.

ಚಳ್ಳಕೆರೆ ಶೇಂಗಾ

ನಾನು ವಿಮಾನ ಹತ್ತಿದವನಲ್ಲ, ಹತ್ತಿಸಿದವನು. 2010ರಲ್ಲಿ ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಲ್ಲಿ ಗುತ್ತಿಗೆ ಮೇಲೆ ವೀಲ್‌ಚೇರ್ ತಳ್ಳುತ್ತಿದ್ದೆ. ಮೇ 22ರ ಬೆಳಿಗ್ಗೆ ದುಬೈ ಫ್ಲೈಟಿಗೆ ಕಾಯುತ್ತಿದ್ದೆವು. ಆರು ಗಂಟೆಯ ಸುಮಾರಿಗೆ ಅದು ರನ್‌ವೇ ದಾಟಿ ಕಣಿವೆಗೆ ಹೋಯಿತು. 166 ಜನರಲ್ಲಿ ಉಳಿದದ್ದು ಎಂಟು. ಆರೂ ಜನ ಕ್ರೂ ಹೋದರು.

ಎಲ್ಲರೂ ಕಣಿವೆಯ ಬಗ್ಗೆ ಕೇಳುತ್ತಾರೆ. ನನಗೆ ನೆನಪಿರುವುದು ಅರೈವಲ್ ಗೇಟು. ಹೂವು ಹಿಡಿದುಕೊಂಡು ನಿಂತ ಜನ. ನಾನು ಸಾಲಾಗಿ ಜೋಡಿಸಿಟ್ಟ ವೀಲ್‌ಚೇರ್. ಅವತ್ತು ಸಂಜೆ ಅವನ್ನು ಯಾರು ಒಳಗಿಟ್ಟರು ಅಂತ ಇವತ್ತಿಗೂ ನೆನಪಾಗಲ್ಲ. ನಾನೇ ಇಟ್ಟಿರಬೇಕು.

ಮುಂದಿನ ವಾರ ಹಂಗೇ ಕೆಲಸಕ್ಕೆ ಹೋದೆ. ಜೊತೆಗಿದ್ದ ಹಿರಿಯರೊಬ್ಬರು ಏನೂ ಕೇಳುತ್ತಿರಲಿಲ್ಲ. ದಿನಾ ಆರು ಗಂಟೆಗೆ "ಬಾರ, ಚಾ ಕುಡಿಯುವ" ಅಂತ ಕರೆದುಕೊಂಡು ಹೊರಗೆ ಹೋಗುತ್ತಿದ್ದರು. ಬರೀ ಆ ಹೊತ್ತು ದಾಟಿಸಲು. ಒಂದು ತಿಂಗಳು ಮಾಡಿದರು. ಅದಾದ ಮೇಲೆ ಒಂದು ದಿನ ನಾನೇ ಅವರನ್ನು ಕರೆದೆ.

ವಾರ್ಡ್ ನಂಬರ್ ಎಂಟು

ದಾವಣಗೆರೆಯ ಆಸ್ಪತ್ರೆಯೊಂದರ ಮಾನಸಿಕ ವಿಭಾಗದಲ್ಲಿ ನರ್ಸ್. ಹದಿನಾರು ವರ್ಷ ಆಯಿತು. ಮೇಲಿನ ಚಾ ಅಣ್ಣನ ಕಥೆ ಓದಿ ಬರೆಯದೆ ಇರಲಾಗಲಿಲ್ಲ.

ಆ ಹಿರಿಯರು ಮಾಡಿದ್ದು ಸರಿಯಾದ ಚಿಕಿತ್ಸೆಗೆ ಹತ್ತಿರದ್ದು. ಮೊದಲು ಇಂಥ ಘಟನೆ ಆದ ಕೂಡಲೇ ಎಲ್ಲರನ್ನೂ ಒಂದು ರೂಮಿನಲ್ಲಿ ಕೂರಿಸಿ, ಏನು ನೋಡಿದಿರಿ, ಏನನ್ನಿಸಿತು ಅಂತ ಒಬ್ಬೊಬ್ಬರಿಂದ ಹೇಳಿಸುವ ಪದ್ಧತಿ ಇತ್ತು. ಅಮೆರಿಕದಲ್ಲಿ 1980ರ ದಶಕದಲ್ಲಿ ಶುರುವಾದದ್ದು. ಆಮೇಲೆ ಪರೀಕ್ಷೆ ಮಾಡಿ ನೋಡಿದರೆ, ಒಂದೇ ಸಲ ಕೂರಿಸಿ ಹೇಳಿಸಿದ್ದರಿಂದ ಮುಂದೆ ಬರುವ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಜಾಸ್ತಿಯೇ ಆಗಬಹುದು ಅಂತ ಗೊತ್ತಾಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಮೂರೇ ಕೆಲಸ. ನೋಡು, ಕೇಳು, ಜೋಡಿಸು. ಅವರಿಗೆ ಈಗ ಏನು ಬೇಕು ನೋಡುವುದು. ಹೇಳಿದರೆ ಕೇಳುವುದು, ಕೆದಕದೆ. ಮನೆಯವರ ಜೊತೆಗೋ ವೈದ್ಯರ ಜೊತೆಗೋ ಜೋಡಿಸುವುದು.

ಈಗ ನಿಮ್ಮ ವಿಷಯ ತಂಗಿ. ನಿದ್ದೆ ಬಾರದಿರುವುದು, ಸದ್ದಿಗೆ ಬೆಚ್ಚುವುದು, ಅದೇ ದೃಶ್ಯ ಮತ್ತೆ ಮತ್ತೆ ಬರುವುದು, ಇವು ಮೊದಲ ಕೆಲವು ವಾರ ಯಾರಿಗಾದರೂ ಆಗುತ್ತದೆ. ಅದು ಹುಚ್ಚಲ್ಲ. ಒಂದು ತಿಂಗಳು ದಾಟಿಯೂ ಬಿಡದೆ ಕಾಡಿದರೆ ಮಾತ್ರ ಮನೋವೈದ್ಯರಿಗೆ ತೋರಿಸಲೇಬೇಕು. ನಿಮ್ಮದು ಜೂನಿನಿಂದ ಇದೆ, ತಿಂಗಳು ದಾಟಿದೆ. ತೋರಿಸಿ. ಮೆಡಿಕಲ್ ಶಾಪಿನಲ್ಲಿ ನಿದ್ದೆ ಮಾತ್ರೆ ಕೇಳಿ ತಗೋಬೇಡಿ, ನಿಮ್ಮ ಕೆಲಸದಲ್ಲಿ ಅದು ಡ್ಯೂಟಿಗೇ ತೊಂದರೆ. ವೈದ್ಯರಿಗೆ ನಾನು ಕ್ಯಾಬಿನ್ ಕ್ರೂ ಅಂತ ಮೊದಲೇ ಹೇಳಿ. ಆಸ್ಪತ್ರೆ ಮೆಟ್ಟಿಲು ಹತ್ತಲು ಮುಜುಗರ ಇದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆದರೆ ಎರಡು ವರ್ಷದ ಹಿಂದಿನದ್ದು ನನಗೆ ಬೇರೆ ಥರ ಕಾಣುತ್ತದೆ. ಅದು ಅಳದೆ ಉಳಿದ ಅಳು. ನೀವು ಅವರ ಮನೆಗೆ ಆಮೇಲಾದರೂ ಹೋಗಿದ್ದಿರಾ?

ಗ್ಯಾಲಿ ಗೌರಮ್ಮ

ಇಲ್ಲ.

ಹೋಗಲು ಆ ಮೆಸೇಜ್ ಬಿಡುತ್ತಿಲ್ಲ ಅಕ್ಕಾ. ಎರಡು ಟಿಕ್ ಬಂದಿದೆ, ನೀಲಿ ಆಗಿಲ್ಲ. ಅಂದರೆ ಅದು ಅವಳ ಫೋನಿಗೆ ಮುಟ್ಟಿದೆ. ಫೋನು ಅವರ ಮನೆಯವರ ಕೈಗೆ ಹೋಗಿರುತ್ತದೆ. ಮಗಳು ಸತ್ತ ಹೊತ್ತಿನಲ್ಲಿ ಸ್ನೇಹಿತೆ "ಎಲ್ಲಿ ಸತ್ತಿದ್ದೀಯೇ" ಅಂತ ಬರೆದಿದ್ದಾಳೆ. ಅದನ್ನು ಓದಿದ ತಾಯಿಯ ಮುಂದೆ ಹೋಗಿ ಹೇಗೆ ನಿಲ್ಲಲಿ?

ಬಸ್ ಮಾಸ್ತರ್

ಅವ್ವಾ, ನಾನು ಕಂಡಕ್ಟರ್, ಇಪ್ಪತ್ತೆರಡು ವರ್ಷ ಸರ್ವೀಸು. ನಿಮ್ಮದು ಮೇಲೆ ಹಾರುವ ಬಸ್ಸು, ನಮ್ಮದು ಕೆಳಗೆ. ಉಳಿದದ್ದು ಒಂದೇ.

ನನ್ನ ಜೊತೆ ಆರು ವರ್ಷ ಇದ್ದ ಡ್ರೈವರಣ್ಣ ಹೈವೇಯಲ್ಲಿ ಹೋದರು. ಅದೇ ಬಸ್ಸಿನಲ್ಲಿ ನಾನು ಹಿಂದೆ ಟಿಕೆಟ್ ಹರಿಯುತ್ತಿದ್ದೆ, ನನಗೆ ಕೈ ಮುರಿಯಿತು ಅಷ್ಟೇ. ಆಸ್ಪತ್ರೆಯಲ್ಲಿದ್ದೆ, ಅವರ ಮಣ್ಣಿಗೆ ಹೋಗಲಾಗಲಿಲ್ಲ. ಡಿಪೋದವರು ಬೇರೆ ರೂಟ್ ಕೊಡ್ತೀವಿ ಅಂದರು, ನಾನೇ ಬೇಡ ಅಂದೆ. ಆದರೆ ಆ ಜಾಗ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಚಿಲ್ಲರೆ ಎಣಿಸುವವನ ಹಾಗೆ ತಲೆ ತಗ್ಗಿಸುತ್ತಿದ್ದೆ. ಹೊಸ ಡ್ರೈವರ್ ಹುಡುಗ ಅದನ್ನು ನೋಡಿದ್ದಾನೆ. ಒಂದು ದಿನ ಖಾಲಿ ಬಸ್ಸು ಡಿಪೋಗೆ ಒಯ್ಯುವಾಗ ಅಲ್ಲೇ ಪಕ್ಕಕ್ಕೆ ಹಾಕಿದ. "ಇಳೀರಿ ಮಾಸ್ತರ್" ಅಂದ. ಅವನ ಹತ್ತಿರ ಊದಿನಕಡ್ಡಿ, ಒಂದು ಕಾಯಿ ಇತ್ತು. ಇಬ್ಬರೂ ಕಾಯಿ ಒಡೆದೆವು. ಅಲ್ಲಿ ಕೂತು ಅತ್ತೆ ನೋಡು, ಲಾರಿಯವರು ನಿಲ್ಲಿಸಿ ಏನಾಯ್ತು ಅಂತ ಕೇಳುವಷ್ಟು.

ಈಗಲೂ ಆ ಜಾಗಕ್ಕೆ ಕಣ್ಣು ತೆರೆದೇ ಹೋಗುತ್ತೇನೆ ಅಂತ ಸುಳ್ಳು ಹೇಳಲ್ಲ. ಹತ್ತಕ್ಕೆ ಎಂಟು ಸಲ.

ನಮ್ಮಲ್ಲಿ ಮಣ್ಣಿಗೆ ಹೋಗುವುದು ಸತ್ತವರಿಗಾಗಿ ಅಂತ ಅಂದುಕೊಂಡಿದ್ದೆ. ನೀನು ಆ ಹಳ್ಳಿಗೆ ಹೋಗು. ದುರ್ಗಕ್ಕೆ ಬಾ, ಅಲ್ಲಿಂದ ಹೊಸದುರ್ಗದ ಬಸ್ಸು, ಹೊಳಲ್ಕೆರೆ ಮೇಲೇ ಹೋಗುತ್ತದೆ. ಆಧಾರ್ ಮರೀಬೇಡ, ಟಿಕೆಟ್ ಫ್ರೀ. ಸೀಟು ಮಾತ್ರ ದೇವರಿಗೇ ಬಿಟ್ಟಿದ್ದು.

ಹೈವೇ ಹುಲಿ

ಮೇಡಂ, ಒಂದು ಡೌಟು. ಅಹಮದಾಬಾದಿನ ಆ ವಿಮಾನದ ಪೈಲಟ್ಟೇ ಇಂಧನದ ಸ್ವಿಚ್ ಆಫ್ ಮಾಡಿದ ಅಂತ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ವಿಡಿಯೊ ಬಂದಿದೆ. ನಿಜಾನಾ?

ಕೋಟೆ ಕ್ಯಾಪ್ಟನ್

ತನಿಖೆಯ ಜುಲೈ 12ರ ಪ್ರಾಥಮಿಕ ವರದಿಯಲ್ಲಿ ಎರಡೂ ಸ್ವಿಚ್ ಒಂದು ಸೆಕೆಂಡಿನ ಅಂತರದಲ್ಲಿ ಕಟಾಫ್‌ಗೆ, ಅಂದರೆ ಇಂಧನ ನಿಲ್ಲಿಸುವ ಕಡೆಗೆ ಹೋದವು ಅಂತಿದೆ. ಯಾಕೆ ಕಟಾಫ್ ಮಾಡಿದೆ ಅಂತ ಪೈಲಟ್‌ಗಳಲ್ಲಿ ಒಬ್ಬರು ಕೇಳಿದರು, ನಾನು ಮಾಡಿಲ್ಲ ಅಂತ ಇನ್ನೊಬ್ಬರು ಹೇಳಿದರು ಅಂತಿದೆ. ಯಾರು, ಯಾಕೆ ಅನ್ನುವುದು ಅದರಲ್ಲಿಲ್ಲ. ಉಳಿದದ್ದೆಲ್ಲ ವಿಡಿಯೊ ಮಾಡಿದವನ ಸ್ವಂತ ಅಡುಗೆ. ಆ ವಿಡಿಯೊವನ್ನು ಸತ್ತವರ ಮನೆಯವರೂ ನೋಡುತ್ತಾರೆ, ಅವರ ಜೊತೆ ಹಾರಿದವರೂ ನೋಡುತ್ತಾರೆ. ಫಾರ್ವರ್ಡ್ ಮಾಡಬೇಡ ಮಾರಾಯ.

ಗ್ಯಾಲಿ ಗೌರಮ್ಮ

ಥ್ಯಾಂಕ್ಸ್ ಸರ್. ಬೋರ್ಡಿಂಗಿನಲ್ಲೇ ಜನ ಕೇಳುತ್ತಾರೆ. "ಇದು ಬೋಯಿಂಗಾ ಮೇಡಂ?" "11ಎ ಖಾಲಿ ಇದೆಯಾ?" ಅಂತ ನಗುತ್ತಾ. ಅಹಮದಾಬಾದಿನ ಆ ವಿಮಾನದಲ್ಲಿ ಬದುಕಿ ಉಳಿದವರು ಒಬ್ಬರೇ, ಅವರು ಕೂತಿದ್ದ ಸೀಟು ಅದು. ನಾನೂ ನಗುತ್ತೇನೆ. ಆಮೇಲೆ ಗ್ಯಾಲಿ ಪರದೆ ಎಳೆದು ಐಸ್ ಡಬ್ಬದೊಳಗೆ ಕೈ ಇಟ್ಟು ನಿಲ್ಲುತ್ತೇನೆ. ಯಾರೋ ಹೇಳಿಕೊಟ್ಟಿದ್ದಲ್ಲ. ತಣ್ಣಗಾದರೆ ನಡುಕ ನಿಲ್ಲುತ್ತದೆ.

ವಾರ್ಡ್ ನಂಬರ್ ಎಂಟು

ನಾವೂ ಅದನ್ನೇ ಹೇಳಿಕೊಡುತ್ತೇವೆ ತಂಗಿ. ನೀವೇ ಕಂಡುಕೊಂಡಿದ್ದೀರಿ.

ಗ್ಯಾಲಿ ಗೌರಮ್ಮ

ಆರು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಮಂಗಳವಾರ ಮನೋವೈದ್ಯರಿಗೆ ತೋರಿಸಿದೆ. ಅಮ್ಮನೂ ಬಂದಿದ್ದರು. "ಸೊಂಟದ ಡಾಕ್ಟರ್ ಇವರಲ್ಲವಲ್ಲ" ಅಂತ ಬೋರ್ಡ್ ಓದಿ ಅಂದರು, ಅಷ್ಟೇ. ಇನ್ನೂ ನಾಲ್ಕು ವಾರ ರಜೆ ಬರೆದುಕೊಟ್ಟಿದ್ದಾರೆ. ಆ ಮೇಲ್ ಹುಡುಕಿ ಕಂಪನಿಯ ನಂಬರಿಗೂ ಫೋನ್ ಮಾಡಿದೆ. ಎತ್ತಿದವರೂ ಮೊದಲು ಕ್ರೂ ಆಗಿದ್ದವರೇ. ಏರ್‌ಪೋರ್ಟ್ ಸ್ಟ್ಯಾಂಡ್‌ಬೈ ಅಂದರೆ ಏನು ಅಂತ ವಿವರಿಸಬೇಕಾಗಲಿಲ್ಲ. ಅದೊಂದೇ ಎಷ್ಟು ಹಗುರ ಅಂತೀರಿ.

ನಿನ್ನೆ ಹಳ್ಳಿಗೆ ಹೋಗಿದ್ದೆ. ಅವಳನ್ನು ಅವರ ಅಡಿಕೆ ತೋಟದಲ್ಲೇ ಮಣ್ಣು ಮಾಡಿದ್ದಾರೆ. ಚಿಕ್ಕ ಕಟ್ಟೆ ಕಟ್ಟಿಸಿದ್ದಾರೆ. ಮಳೆಗೆ ಸುತ್ತ ಕಳೆ ಬೆಳೆದಿತ್ತು. ಏನು ಮಾಡಬೇಕು ತೋಚಲಿಲ್ಲ, ಕೂತು ಕಳೆ ಕಿತ್ತೆ. ಅವರಮ್ಮನೂ ಬಂದು ಪಕ್ಕದಲ್ಲಿ ಕೂತು ಕಿತ್ತರು. ಅಲ್ಲೇ ಹೇಳಿಬಿಟ್ಟೆ, ಮೆಸೇಜಿನ ವಿಷಯ. ಅವರ ಮುಖ ನೋಡಲಿಲ್ಲ.

ಅವರಿಗೆ ಗೊತ್ತೇ ಇರಲಿಲ್ಲ. ಫೋನು ಲಾಕ್ ಆಗಿದೆ, ಯಾರೂ ತೆಗೆದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ನಾನೂ ಅವತ್ತು ಹಂಗೇ ಬೈದಿದ್ದೆ ಕಣವ್ವಾ. ಏಳು ಗಂಟೆಯಿಂದ ಫೋನ್ ಹಚ್ಚಿದೆ, ಎತ್ತಲೊಲ್ಲಳು. ಎಲ್ಲಿ ಹಾಳಾಗಿ ಹೋದ್ಲೋ ಅಂತ ಅವರಪ್ಪನ ಮುಂದೆ ಅಂದೆ. ಇಷ್ಟು ದಿನ ನಾನೂ ಯಾರಿಗೂ ಹೇಳಿರಲಿಲ್ಲ."

ಆಮೇಲೆ ಒಳಗೆ ಕರೆದುಕೊಂಡು ಹೋಗಿ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿದರು. ಮೂರು ರೊಟ್ಟಿ ತಿಂದೆ. ಬರುವಾಗ ಒಂದು ಚೀಲ ತೆಂಗಿನಕಾಯಿ ಹೊರಿಸಿ ಕಳಿಸಿದರು.

ನಿಟುವಳ್ಳಿ ನೀಲಕ್ಕ

ಮೂರು ರೊಟ್ಟಿ ತಿಂದೆಯಲ್ಲ, ಸಾಕು ನನಗೆ.

ಚಳ್ಳಕೆರೆ ಶೇಂಗಾ

ಓದಿದೆ ತಂಗಿ. ಈ ಕಡೆ ಬಂದರೆ ಚಾ ನನ್ನ ಕಡೆಯಿಂದ.

ಬಸ್ ಮಾಸ್ತರ್

ವಾಪಸ್ ಬರುವಾಗ ಬಸ್ಸು ಸಿಕ್ತಾ ಅವ್ವಾ?

ಗ್ಯಾಲಿ ಗೌರಮ್ಮ

ಸಿಕ್ತು ಮಾಸ್ತರ್. ಸೀಟು ಸಿಗಲಿಲ್ಲ. ಹೊಳಲ್ಕೆರೆಯಿಂದ ದುರ್ಗದವರೆಗೆ ಕಾಯಿ ಚೀಲ ಕಾಲ ಹತ್ತಿರ ಇಟ್ಟುಕೊಂಡು ನಿಂತೇ ಬಂದೆ. ನನಗೆ ಅಭ್ಯಾಸ ಇದೆ.